ಅಕ್ಟೋಬರ್ ಕೊನೆಗೆ ಕಮಿನೊ ನಡಿಗೆ: ಮಳೆ, ಚಳಿ, ಗಾಳಿಗೆ ಏನೇನು ತಗೊಂಡು ಹೋಗೋದು?

ಸಾಗರದವಳು:

ಎಲ್ಲರಿಗೂ ನಮಸ್ಕಾರ. ನಾನು ಮತ್ತು ನನ್ನ ತಂಗಿ ಈ ಸಲ ಸ್ಪೇನಿನ ಕಮಿನೊ, ಅಂದರೆ ಸ್ಯಾಂತಿಯಾಗೊ ಊರಿನ ಚರ್ಚಿಗೆ ಹೋಗುವ ಯಾತ್ರೆಯ ದಾರಿ, ನಡೆಯಲು ಹೊರಟಿದ್ದೇವೆ. ಫ್ರಾನ್ಸಿನ ಗಡಿಯಲ್ಲಿರುವ ಸ್ಯಾಂ ಜಾಂ ಪಿಯೆ ದ ಪೋರ್ ಎಂಬ ಊರಿನಿಂದ ಸ್ಯಾಂತಿಯಾಗೊವರೆಗೆ, ಸುಮಾರು 780 ಕಿಲೋಮೀಟರ್. ನನಗೆ 61, ತಂಗಿಗೆ 55. ಮಗಳು ಟುಲೂಸ್‌ನಲ್ಲಿದ್ದಾಳೆ. ವೀಸಾ, ಟಿಕೆಟ್ ಎಲ್ಲ ಅವಳೇ ನೋಡಿಕೊಂಡಿದ್ದಾಳೆ. ತಂಗಿಗೆ ಸ್ಕೂಲಿನಿಂದ ರಜೆ ಸಿಗುವುದು ದಸರಾ ಆದಮೇಲೆಯೇ. ಹಾಗಾಗಿ ಅಕ್ಟೋಬರ್ 24ಕ್ಕೆ ಶುರು ಮಾಡಿ, ದಿನಕ್ಕೆ 20 ಕಿ.ಮೀ. ಲೆಕ್ಕದಲ್ಲಿ ಡಿಸೆಂಬರ್ ಮೊದಲ ವಾರ ಮುಗಿಸುವ ಯೋಚನೆ.

ಚರ್ಚಿನ ಯಾತ್ರೆಗೆ ನೀವ್ಯಾಕೆ ಅಂತ ಊರಲ್ಲಿ ಎಲ್ಲರೂ ಕೇಳಿ ಆಯ್ತು. ಶಿವರಾತ್ರಿಗೆ ಧರ್ಮಸ್ಥಳಕ್ಕೆ ನಡೆದು ನಡೆದು ನಮಗೆ ನಡಿಗೆಯ ರುಚಿ ಹತ್ತಿಬಿಟ್ಟಿದೆ, ಅಷ್ಟೇ. ಆದರೆ ಆ ನಡಿಗೆಯೇ ಬೇರೆ. ಅಲ್ಲಿ ಬಿಸಿಲಿನದ್ದೇ ಚಿಂತೆ. ರಾತ್ರಿ ನಡೆದು ಮಧ್ಯಾಹ್ನ ಮಲಗಿದರೆ ಮುಗೀತು. ದಾರಿಯುದ್ದಕ್ಕೂ ಯಾರೋ ಮಜ್ಜಿಗೆ ಕೊಡುತ್ತಾರೆ, ಯಾರೋ ಕಾಲಿಗೆ ಎಣ್ಣೆ ಹಚ್ಚುತ್ತಾರೆ. ಬ್ಯಾಗು ಹಿಂದಿನ ಟೆಂಪೋದಲ್ಲಿ ಬರುತ್ತದೆ.

ಮಳೆಗೆ ನಾವು ಹೆದರುವವರಲ್ಲ. ಸಾಗರದಲ್ಲಿ ಹುಟ್ಟಿ ಬೆಳೆದವರು. ಜೂನ್‌ನಲ್ಲಿ ಶುರುವಾದರೆ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವುದೇ ಇಲ್ಲ. ನಮ್ಮಜ್ಜ ಕಂಬಳಿ ಕೊಪ್ಪೆ ಹಾಕಿಕೊಂಡು ದಿನವಿಡೀ ಗದ್ದೆಯಲ್ಲಿ ನಿಲ್ಲುತ್ತಿದ್ದರು. ಆದರೆ ನಮ್ಮ ಮಳೆಯ ಜೊತೆ ಚಳಿ ಇರುವುದಿಲ್ಲ. ಮಳೆಯೂ ಬರಬೇಕು, ಕೈ ಮರಗಟ್ಟುವ ಚಳಿಯೂ ಇರಬೇಕು, ಮೇಲಿಂದ ಗಾಳಿಯೂ ಬೀಸಬೇಕು ಅಂದರೆ ಅದು ನನಗೆ ಗೊತ್ತಿಲ್ಲದ ಲೋಕ. ಇಂಟರ್ನೆಟ್ಟಿನಲ್ಲಿ ಓದಿದರೆ ಒಬ್ಬರು ಅಕ್ಟೋಬರ್ ಕೊನೆಯಲ್ಲಿ ಅರ್ಧ ತೋಳಿನ ಬನಿಯನ್ನಿನಲ್ಲಿ ನಡೆದೆ ಅನ್ನುತ್ತಾರೆ. ಇನ್ನೊಬ್ಬರು ಅದೇ ಜಾಗದಲ್ಲಿ ಹಿಮದಲ್ಲಿ ನಿಂತ ಫೋಟೋ ಹಾಕಿದ್ದಾರೆ. ಯಾರನ್ನು ನಂಬೋದು?

ನನ್ನ ಪ್ರಶ್ನೆಗಳು: ದಪ್ಪ ಜಾಕೆಟ್ ಬೇಕಾ? ಕೊಡೆ ಸಾಕಾ, ರೇನ್‌ಕೋಟ್ ಬೇಕಾ? ಮೊದಲ ದಿನದ ಬೆಟ್ಟ ಆ ಸಮಯದಲ್ಲಿ ಹತ್ತಬಹುದಾ? ಎಲ್ಲ ಬೆನ್ನ ಮೇಲೇ ಹೊರಬೇಕು, ಅದನ್ನು ನೆನಪಿಟ್ಟುಕೊಂಡು ಹೇಳಿ. ನಾವಿಬ್ಬರೂ ಸಸ್ಯಾಹಾರಿಗಳು.

ಬೆಟ್ಟದಹುಚ್ಚ:

ಮೇಡಂ, ಸೂಪರ್! ಈ ವಯಸ್ಸಿನಲ್ಲಿ 780 ಕಿ.ಮೀ. ಅಂದರೆ ನಮಗೆಲ್ಲ ನಾಚಿಕೆ ಆಗಬೇಕು. ನಾನು ಕಮಿನೊ ಮಾಡಿಲ್ಲ, ಹಿಮಾಲಯದ ಕಡೆ ಟ್ರೆಕ್ ಮಾಡಿದ ಅನುಭವದಿಂದ ಹೇಳ್ತಿದ್ದೇನೆ. ಮೈನಸ್ 10 ಡಿಗ್ರಿ ತಡೆಯುವ, ಹಕ್ಕಿ ಪುಕ್ಕ ತುಂಬಿದ ಡೌನ್ ಜಾಕೆಟ್ ಒಂದು ತಗೊಳ್ಳಿ. ಒಳಗೆ ಹಾಕಲು ಥರ್ಮಲ್ ಎರಡು ಜೊತೆ. ಗಟ್ಟಿಯಾದ ಕೊಡೆ ಇದ್ದರೆ ರೇನ್‌ಕೋಟಿನ ಗೊಡವೆಯೇ ಬೇಡ, ಬೆವರೂ ಬರಲ್ಲ. ಶೂ ಮಾತ್ರ ಕಾಲಿನ ಅಳತೆಗಿಂತ ಒಂದು ಸೈಜ್ ದೊಡ್ಡದು ತಗೊಳ್ಳಿ. ನಡೆದು ನಡೆದು ಪಾದ ಊದಿಕೊಳ್ಳುತ್ತದೆ.

ಎಲ್ಲಕ್ಕಿಂತ ಮುಖ್ಯ ಅಭ್ಯಾಸ. ನಿಮಗೆ ಕೊಡಚಾದ್ರಿ ಹತ್ತಿರ ಅಲ್ವಾ? ಮಳೆ ಕಡಿಮೆಯಾದ ಮೇಲೆ ಪೂರ್ತಿ ಬ್ಯಾಗ್ ಹೊತ್ತು ಎರಡು ಮೂರು ಸಲ ಹತ್ತಿ ಇಳಿಯಿರಿ. ಇಳಿಯುವಾಗ ಮಂಡಿ ಏನು ಹೇಳುತ್ತದೆ ಅಂತ ಅಲ್ಲೇ ಗೊತ್ತಾಗುತ್ತದೆ.

ಗಾಳಿಯಂತ್ರ:

ಅಕ್ಕಾ, ನಮಸ್ಕಾರ. ನಾನು ಚಿತ್ರದುರ್ಗದವನು. ಜೋಗಿಮಟ್ಟಿಯ ಗಾಳಿಯಂತ್ರಗಳ ಮೇಲೆ ಹತ್ತಿ ಕೆಲಸ ಕಲಿತೆ. ಈಗ ಸ್ಪೇನಿನ ಲಿಯೋನ್‌ನಲ್ಲಿ ಅದೇ ಕೆಲಸ. ಕಮಿನೊ ದಾರಿ ನಮ್ಮ ಊರಿನ ಮಧ್ಯದಲ್ಲೇ ಹೋಗುತ್ತದೆ. ಚಳಿಗಾಲದ ವಾರಾಂತ್ಯಗಳಲ್ಲಿ ಬೆಟ್ಟದ ಬುಡದ ಒಂದು ಅಲ್ಬೆರ್ಗೆಯಲ್ಲಿ, ಅಂದರೆ ಯಾತ್ರಿಕರ ಛತ್ರದಲ್ಲಿ, ಸೇವೆಗೆ ಹೋಗುತ್ತೇನೆ. ಒಲೆ ಹಚ್ಚೋದು, ನೆಲ ಒರೆಸೋದು, ಒದ್ದೆಯಾಗಿ ಬಂದವರಿಗೆ ಬಾಗಿಲು ತೆಗೆಯೋದು. ಹಾಗಾಗಿ ನವೆಂಬರಿನಲ್ಲಿ ಯಾರು ಯಾವ ಸ್ಥಿತಿಯಲ್ಲಿ ಬರುತ್ತಾರೆ ಅಂತ ಚೆನ್ನಾಗಿ ನೋಡಿದ್ದೇನೆ.

ಮೊದಲೇ ಹೇಳಿಬಿಡ್ತೀನಿ. ಎಲ್ಲರೂ ಎಷ್ಟು ಡಿಗ್ರಿ ಅಂತ ಕೇಳುತ್ತಾರೆ. ಡಿಗ್ರಿ ಆಮೇಲೆ ನೋಡಿ, ಮೊದಲು ಗಾಳಿ ನೋಡಿ. 5 ಡಿಗ್ರಿ ಇದ್ದು ಗಾಳಿ ಇಲ್ಲದಿದ್ದರೆ ನಡೆಯುವವರಿಗೆ ಅದು ಹಿತವಾದ ಹವೆ. ಹತ್ತು ನಿಮಿಷಕ್ಕೆ ಜಾಕೆಟ್ ಬಿಚ್ಚಿರುತ್ತೀರಿ. ಅದೇ 5 ಡಿಗ್ರಿಗೆ ಗಂಟೆಗೆ 40 ಕಿ.ಮೀ. ಗಾಳಿ ಸೇರಿದರೆ ಮೈಗೆ ಸೊನ್ನೆಗಿಂತ ಕೆಳಗೆ ಅನಿಸುತ್ತದೆ. ಅದರ ಮೇಲೆ ಬಟ್ಟೆ ಒದ್ದೆಯಾಯಿತೋ, ಕಥೆ ಬೇರೆ. ಇಲ್ಲಿ ಜನ ಕಷ್ಟಕ್ಕೆ ಸಿಕ್ಕುವುದು ಮೈನಸ್ ಹತ್ತರಲ್ಲಿ ಅಲ್ಲ, ಮೂರು ನಾಲ್ಕು ಡಿಗ್ರಿಯ ಸೋನೆ ಮಳೆಯಲ್ಲಿ.

ಬಾಗಿಲು ತೆಗೆದಾಗ ನಾನು ಮೊದಲು ನೋಡುವುದು ಕೈ. ಎಷ್ಟೋ ಜನ ಒಳಗೆ ಬಂದು ಬ್ಯಾಗಿನ ಎದೆಯ ಬಕಲ್ ಬಿಚ್ಚಲಾಗದೆ ಸುಮ್ನೆ ನಿಂತಿರುತ್ತಾರೆ. ಬೆರಳು ಒತ್ತುತ್ತಿದೆ ಅಂತ ಅವರಿಗೆ ಗೊತ್ತು, ಒತ್ತಡ ಮಾತ್ರ ಬೀಳುತ್ತಿಲ್ಲ. ನಾನೇ ಬಿಚ್ಚಿಕೊಡುತ್ತೇನೆ. ಅವರ ಬ್ಯಾಗಿನೊಳಗೆ ಒಳ್ಳೆಯ ದುಬಾರಿ ಉಣ್ಣೆಯ ಕೈಗವಸು ಇರುತ್ತದೆ, ನೆಂದು ಹಿಂಡುವ ಹಾಗಾಗಿರುತ್ತದೆ. ಇದಕ್ಕೆ ಇಲ್ಲಿಯವರ ಉಪಾಯ ಏನು ಗೊತ್ತಾ? ಪಾತ್ರೆ ತೊಳೆಯುವ ರಬ್ಬರ್ ಕೈಗವಸು. ಒಂದು ಸೈಜ್ ದೊಡ್ಡದು ತಗೊಂಡು ತೆಳು ಉಣ್ಣೆಯದರ ಮೇಲೆ ಹಾಕಿಕೊಳ್ಳಿ. ಯಾವುದೇ ಸೂಪರ್‌ಮಾರ್ಕೆಟ್‌ನಲ್ಲಿ ಒಂದೆರಡು ಯೂರೋಗೆ ಸಿಗುತ್ತದೆ. ನೋಡಲು ತಮಾಷೆ, ಆದರೆ ಬಕಲ್ ನೀವೇ ಬಿಚ್ಚುತ್ತೀರಿ.

ಈಗ ದಾರಿಯ ಹವೆ. ಇದು ಒಂದೇ ಹವೆಯ ದಾರಿ ಅಲ್ಲ. ನೀವು ಓದಿದ ಇಬ್ಬರೂ ನಿಜವನ್ನೇ ಹೇಳಿದ್ದಾರೆ.

ಮೊದಲ ದಿನದ ಬೆಟ್ಟ ಪಿರನೀಸ್. ಸ್ಯಾಂ ಜಾಂ ಇರುವುದು 170 ಮೀಟರ್ ಸುಮಾರಿನಲ್ಲಿ. ಬೆಟ್ಟ ದಾಟುವ ಲೆಪೋದೆರ್ ಕಣಿವೆ ದಾರಿ ಇರುವುದು 1430 ಮೀಟರ್ ಎತ್ತರದಲ್ಲಿ. ಒಂದೇ ದಿನಕ್ಕೆ ಅಷ್ಟೂ ಹತ್ತಬೇಕು. ಸಾವಿರ ಮೀಟರ್ ಏರಿದರೆ ಆರು ಡಿಗ್ರಿಯಷ್ಟು ಇಳಿಯುತ್ತದೆ. ಕೆಳಗೆ 12 ಇದ್ದರೆ ಮೇಲೆ 4 ಅಂದುಕೊಳ್ಳಿ. ಅಕ್ಟೋಬರ್ ಕೊನೆಯಲ್ಲಿ ಒಂದು ಮೋಸ ಇದೆ. ತೆಂಕಣ ಗಾಳಿ ಬೀಸುವ ದಿನ ಸ್ಯಾಂ ಜಾಂನಲ್ಲಿ ಬೇಸಿಗೆಯ ಹಾಗೆ ಸೆಖೆ ಇರುತ್ತದೆ. ಆಕಾಶ ತಿಳಿಯಾಗಿರುತ್ತದೆ. ಜನ ಖುಷಿಯಲ್ಲಿ ಹತ್ತುತ್ತಾರೆ. ಅದೇ ಗಾಳಿ ಮೇಲಿನ ಬೋಳು ಏಣಿನಲ್ಲಿ ನಿಂತವರನ್ನು ಬೀಳಿಸುವಷ್ಟು ಜೋರಾಗಿರುತ್ತದೆ. ಆ ಅರ್ಧ ತೋಳಿನ ಬನಿಯನ್ ಫೋಟೋ ಬಂದಿದ್ದೂ ಇಂಥ ದಿನವೇ ಇರಬೇಕು.

ಮೇಲಿನ ಈ ದಾರಿಗೆ ನೆಪೋಲಿಯನ್ ದಾರಿ ಅನ್ನುತ್ತಾರೆ. ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಅದನ್ನು ಮುಚ್ಚಿರುತ್ತಾರೆ. ಮುಚ್ಚಿದಾಗ ಹೋದರೆ ದಂಡವೂ ಬೀಳಬಹುದು. ನಿಮಗೆ 24ಕ್ಕೆ ತೆರೆದಿರುತ್ತದೆ ನಿಜ. ಆದರೂ ಹಿಂದಿನ ಸಂಜೆ ಸಿತಾದೆಲ್ ಬೀದಿಯ ಯಾತ್ರಿಕರ ಆಫೀಸಿಗೆ ಹೋಗಿ ಕೇಳಿ. ಅವರು ಕೆಳಗಿನ ವಾಲ್‌ಕಾರ್ಲೋಸ್ ದಾರಿಯಲ್ಲಿ ಹೋಗಿ ಅಂದರೆ ಮರುಮಾತಿಲ್ಲದೆ ಅಲ್ಲೇ ಹೋಗಿ. ಅದು ರಸ್ತೆ ಪಕ್ಕದ, ಮರಗಳ ನಡುವಿನ ದಾರಿ. ಇಬಾನ್ಯೇಟಾ ಕಣಿವೆಯಲ್ಲಿ 1057 ಮೀಟರಿಗೆ ಮುಗಿಯುತ್ತದೆ. ನೋಟ ಕಡಿಮೆ, ಹೆದರಿಕೆಯೂ ಕಡಿಮೆ. ಎರಡೂ ರೊನ್ಸೆಸ್ವಾಯೆಸ್‌ಗೇ ಸೇರುತ್ತವೆ, ಅಲ್ಲಿಯ ಛತ್ರ ವರ್ಷವಿಡೀ ತೆರೆದಿರುತ್ತದೆ. ಮೇಲಿನ ದಾರಿಯಲ್ಲೇ ಹೋದರೆ ಲೆಪೋದೆರ್‌ನಲ್ಲಿ ಬಲಕ್ಕೆ ತಿರುಗಿ ಇಬಾನ್ಯೇಟಾ ಕಡೆ ಇಳಿಯಿರಿ. ನೇರ ಇಳಿಯುವ ಕಾಡುದಾರಿ ಕಡಿದಾಗಿದೆ. ಒದ್ದೆ ಎಲೆಗಳ ಮೇಲೆ ಜಾರುತ್ತದೆ.

ಪಾಂಪ್ಲೋನಾ ದಾಟಿದ ಮೇಲೆ ಪೆರ್ದೋನ್ ಗುಡ್ಡ. ಅಲ್ಲಿ 1994ರಿಂದಲೇ ಗಾಳಿಯಂತ್ರ ತಿರುಗುತ್ತಿವೆ. ನಮ್ಮ ಕಂಪನಿಗಳು ಸುಮ್ನೆ ಎಲ್ಲೂ ಕಂಬ ನೆಡುವುದಿಲ್ಲ. ಕಮಿನೊದಲ್ಲಿ ಗುಡ್ಡದ ಮೇಲೆ ಗಾಳಿಯಂತ್ರ ಕಂಡರೆ ಕೆಳಗೇ ನಿಂತು ಜಾಕೆಟ್ ಹಾಕಿಕೊಂಡು ಹತ್ತಿ. ಮೇಲೆ ಹೋಗಿ ಬ್ಯಾಗ್ ಬಿಚ್ಚಿದರೆ ಅರ್ಧ ಸಾಮಾನು ಕಣಿವೆಗೆ ಹಾರುತ್ತದೆ. ಅಲ್ಲಿಂದ ರಿಯೋಹಾ ಸೀಮೆಯವರೆಗೂ ಜೇಡಿಮಣ್ಣು. ಮಳೆ ಬಿದ್ದರೆ ಪ್ರತಿ ಹೆಜ್ಜೆಗೂ ಬೂಟಿನ ಅಡಿಗೆ ಒಂದು ಹಿಡಿ ಮಣ್ಣು ಅಂಟುತ್ತದೆ. ದ್ರಾಕ್ಷಿ ತೋಟಗಳು ಕೆಂಪಾಗಿ ಹೊಳೆಯುವುದನ್ನು ನೋಡುತ್ತಾ, ಕಾಲು ಒದರುತ್ತಾ ಹೋಗಬೇಕು.

ಬುರ್ಗೋಸ್ ಊರಿನಿಂದ ಮುಂದೆ ಮೆಸೆಟಾ. ಎಂಟುನೂರು ಮೀಟರ್ ಎತ್ತರದ ಬಯಲು. ನಮ್ಮ ಚಳ್ಳಕೆರೆ ಕಡೆಯ ಬಯಲನ್ನೇ ಎತ್ತಿ ಮೇಲಿಟ್ಟ ಹಾಗೆ. ಸಮುದ್ರ ದೂರ, ಆಕಾಶ ತೆರೆದಿರುತ್ತದೆ, ಹಾಗಾಗಿ ರಾತ್ರಿ ಭೂಮಿಯ ಕಾವೆಲ್ಲ ಹೋಗಿಬಿಡುತ್ತದೆ. ನವೆಂಬರಿನಲ್ಲಿ ಬೆಳಿಗ್ಗೆ ಎರಡು ಮೂರು ಡಿಗ್ರಿ, ಹುಲ್ಲಿನ ಮೇಲೆ ಬಿಳಿ ಹಿಮದ ಪುಡಿ. ಮಧ್ಯಾಹ್ನ ಬಿಸಿಲು ಬಂದರೆ ಹನ್ನೆರಡು, ಹದಿಮೂರು. ಕ್ಯಾರಿಯೋನ್ ಅನ್ನುವ ಊರು ದಾಟಿದ ಮೇಲೆ 17 ಕಿ.ಮೀ. ಒಂದು ಹಳ್ಳಿಯೂ ಇಲ್ಲ, ನಿಲ್ಲಲು ಒಂದು ಗೋಡೆಯ ಮರೆಯೂ ಇಲ್ಲ. ಎದುರುಗಾಳಿಯ ದಿನ ಅಲ್ಲಿ ಹೊರಡಬೇಡಿ. ಒಂದು ದಿನ ಉಳಿದುಕೊಳ್ಳಿ.

ಕೊನೆಗೆ ಸ್ಯಾಂತಿಯಾಗೊ ಇರುವ ಗಲೀಸಿಯಾ ಸೀಮೆ. ಅದು ನಿಮ್ಮ ಮಲೆನಾಡೇ, ಆದರೆ ತಣ್ಣನೆಯ ಮಲೆನಾಡು. ಅಟ್ಲಾಂಟಿಕ್ ಕಡೆಯಿಂದ ಒಂದರ ಹಿಂದೆ ಒಂದು ಮೋಡದ ಸಾಲು ಬರುತ್ತದೆ. ನೀವು ನಡೆಯುವುದು ಪಶ್ಚಿಮಕ್ಕೆ, ಮಳೆ ಬರುವುದೂ ಅಲ್ಲಿಂದಲೇ. ಅಂದರೆ ಮುಖಕ್ಕೆ. ಗಾಳಿ ತೆಂಕಣ ಕಡೆಯಿಂದ ಬೀಸುತ್ತಾ ಬೆಚ್ಚಗಾದರೆ ಮಳೆ ಹತ್ತಿರ ಬಂತು ಅಂತ ಲೆಕ್ಕ. ಮಳೆ ಸುರಿದು ಗಾಳಿ ವಾಯುವ್ಯ ಕಡೆಯಿಂದ ಬೀಸತೊಡಗಿದರೆ ಚಳಿ ಜೋರಾಗುತ್ತದೆ. ಬೆಟ್ಟದ ಮೇಲೆ ಹಿಮ ಬೀಳುವುದೂ ಆಗಲೇ.

ಇದಕ್ಕೆಲ್ಲ ದಿನಾ ಸಂಜೆ ಅಯೆಮೆಟ್ ನೋಡಿ. ಅದು ಸ್ಪೇನ್ ಸರ್ಕಾರದ ಹವಾಮಾನ ಇಲಾಖೆ. ಮರುದಿನದ ಊರಿನ ಹೆಸರು ಹಾಕಿದರೆ ಗಂಟೆ ಗಂಟೆಯದ್ದೂ ಬರುತ್ತದೆ. ಜನ ಮೋಡದ ಚಿತ್ರ ನೋಡಿ ಮುಚ್ಚಿಬಿಡುತ್ತಾರೆ. ನೀವು ಕೆಳಗಿನ ಎರಡು ಸಾಲು ನೋಡಿ. ಒಂದು ರಾಚಾ, ಅಂದರೆ ಬೀಸಿ ಬರುವ ಗಾಳಿಯ ಗರಿಷ್ಠ ವೇಗ. ಇನ್ನೊಂದು ಕೋಟಾ ದೆ ನಿಯೇವೆ, ಎಷ್ಟು ಮೀಟರ್ ಎತ್ತರದ ಮೇಲೆ ಹಿಮ ಬೀಳುತ್ತದೆ ಅನ್ನುವುದು. ನೀವು 1500 ಮೀಟರ್ ದಾಟುವ ದಿನ ಅಲ್ಲಿ 1200 ಅಂತಿದ್ದರೆ ಅರ್ಥ ಆಯ್ತಲ್ಲ.

ಬಟ್ಟೆಯ ವಿಚಾರಕ್ಕೆ ಬರೋಣ. ಮೇಲಿನ ಸಹೋದರರು ಕೊಡಚಾದ್ರಿ, ಶೂ ಸೈಜಿನ ಬಗ್ಗೆ ಹೇಳಿದ್ದು ಸರಿ. ಮೈನಸ್ 10ರ ಜಾಕೆಟ್ ಬೇಡ. ಹಾಕಿಕೊಂಡು ನಡೆದರೆ ಬೆವರಿ ಒಳಗಿಂದಲೇ ನೆನೆಯುತ್ತೀರಿ. ಡೌನ್ ಒದ್ದೆಯಾದರೆ ಮುದ್ದೆಯಾಗುತ್ತದೆ, ಬಿಸಿ ಹಿಡಿಯುವುದಿಲ್ಲ. ತೆಳ್ಳನೆಯದೊಂದು ಇಟ್ಟುಕೊಳ್ಳಿ, ಅದೂ ಸಂಜೆ ಒಳಗೆ ಕೂರುವಾಗ ಹಾಕಲು ಮಾತ್ರ. ಮೈಗೆ ತಾಗುವ ಬಟ್ಟೆ ಕಾಟನ್ ಬೇಡ, ತೆಳು ಉಣ್ಣೆಯದಿರಲಿ. ಮೆರಿನೊ ಅಂತ ಮಾರುತ್ತಾರೆ. ಅದಕ್ಕೆ ನಿಮಗೆ ನಾನೇನು ವಿವರಿಸಲಿ? ನಿಮ್ಮಜ್ಜನ ಕಂಬಳಿ ಕೊಪ್ಪೆ ನೆಂದರೂ ಬೆಚ್ಚಗಿರುತ್ತಿತ್ತಲ್ಲ, ಅದೇ ಗುಣ. ಅದರ ಮೇಲೆ ಒಂದು ಫ್ಲೀಸ್, ಅಂದರೆ ಸ್ವೆಟರಿನಂಥ ಹಗುರ ಬೆಚ್ಚನೆ ಅಂಗಿ. ಅದರ ಮೇಲೆ ಗಾಳಿ, ಮಳೆ ತಡೆಯುವ ಟೋಪಿ ಇರುವ ಜಾಕೆಟ್. ಮೂರೂ ಒಟ್ಟಿಗೆ ಹಾಕುವ ಸಂದರ್ಭ ಕಡಿಮೆ. ಹತ್ತುವಾಗ ಫ್ಲೀಸ್ ತೆಗೆಯಿರಿ, ನಿಂತಾಗ ಹಾಕಿ. ಹೊರಡುವಾಗ ಸ್ವಲ್ಪ ಚಳಿ ಅನಿಸಬೇಕು. ಬೆಚ್ಚಗೆ ಹೊರಟರೆ ಅರ್ಧ ಗಂಟೆಗೆ ಬೆವರು ಗ್ಯಾರಂಟಿ.

ಬ್ಯಾಗಿಗೆ ಹೊರಗಿನ ಮಳೆ ಕವರ್ ನಂಬಬೇಡಿ. ಗಾಳಿಗೆ ಗಾಳಿಪಟ ಆಗುತ್ತದೆ. ಒಳಗೆ ಕಸದ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ, ಅದರೊಳಗೆ ಬಟ್ಟೆ ತುಂಬಿ ಬಾಯಿ ತಿರುಚಿ ಇಡಿ. ಮಲಗಲು ಒಂದು ಜೊತೆ ಬಟ್ಟೆ, ಒಂದು ಜೊತೆ ಉಣ್ಣೆ ಕಾಲುಚೀಲ, ಇವು ಏನೇ ಆದರೂ ಒದ್ದೆಯಾಗಕೂಡದು. ಬೆಳಿಗ್ಗೆ ನಿನ್ನೆಯ ಹಸಿ ಬಟ್ಟೆ ಹಾಕಿಕೊಂಡು ಹೊರಡಲು ಮನಸ್ಸು ಬರಲ್ಲ, ಆದರೂ ಅದನ್ನೇ ಹಾಕಿ. ಒಣಗಿದ್ದನ್ನು ಹಾಕಿದರೆ ಸಂಜೆಗೆ ಎರಡೂ ಒದ್ದೆ.

ಕೊಡೆಯ ಬಗ್ಗೆ ನಾನು ಏನೂ ಹೇಳುವುದಿಲ್ಲ. ಮೆಸೆಟಾದಲ್ಲಿ ಹಳ್ಳಿ ಹಳ್ಳಿಯ ಕಸದ ಡಬ್ಬಿಯಲ್ಲಿ ಮುರಿದ ಕೊಡೆಗಳಿರುತ್ತವೆ, ನೀವೇ ನೋಡಿ.

ಸಾಗರದವಳು:

ಅಬ್ಬಾ, ಇಷ್ಟು ವಿವರವಾಗಿ ಬರೆದಿದ್ದಕ್ಕೆ ಏನು ಹೇಳಲಿ. ತಂಗಿಗೆ ಓದಿ ಹೇಳಿದೆ. ರಬ್ಬರ್ ಕೈಗವಸಿಗೆ ಅವಳು ಬಿದ್ದು ಬಿದ್ದು ನಕ್ಕಳು, ಆಮೇಲೆ ಅಡುಗೆಮನೆಯದನ್ನೇ ಹಾಕಿ ನೋಡಿದಳು.

ಇನ್ನೂ ಮೂರು ಸಂಶಯ. ನಾವು ಬೆಳಿಗ್ಗೆ ನಾಲ್ಕಕ್ಕೇ ಎದ್ದು ಹೊರಡುವ ರೂಢಿಯವರು. ಅಲ್ಲೂ ಹಾಗೇ ಮಾಡಬಹುದಾ? ಛತ್ರಗಳು ಆ ಸಮಯದಲ್ಲಿ ತೆರೆದಿರುತ್ತವಾ? ಒದ್ದೆ ಶೂ ಒಣಗಿಸೋದು ಹೇಗೆ? ಹೆಂಗಸರು ಯಾರಾದರೂ ನಡೆದವರಿದ್ದರೆ ಅವರೂ ಹೇಳಿ.

ಮೈಸೂರು ಟು ಮ್ಯೂನಿಕ್:

ಆಂಟಿ, ಹಾಗೆ ಕರೀಬಹುದು ಅಲ್ವಾ? ನಾನು ನವೆಂಬರಿನಲ್ಲಿ ಒಬ್ಬಳೇ ನಡೆದವಳು, ನಾನೂ ವೆಜ್. ಊಟದಿಂದ ಶುರು ಮಾಡ್ತೀನಿ. ಚಳಿಯಲ್ಲಿ ಹೊಟ್ಟೆ ಖಾಲಿ ಇದ್ದರೆ ಯಾವ ಜಾಕೆಟ್ಟೂ ಕೆಲಸ ಮಾಡಲ್ಲ.

ಆ ಸಮಯದಲ್ಲಿ ಸಣ್ಣ ಹಳ್ಳಿಗಳ ಬಾರ್‌ಗಳು ಮುಚ್ಚಿರುತ್ತವೆ. ಅಲ್ಲಿ ಬಾರ್ ಅಂದರೆ ನಮ್ಮ ದರ್ಶಿನಿಯ ಹಾಗೆ, ಕಾಫಿ ತಿಂಡಿ ಎಲ್ಲ ಅಲ್ಲೇ. ಭಾನುವಾರ ಅಂಗಡಿ ಇಲ್ಲ. ನವೆಂಬರ್ 1, ಡಿಸೆಂಬರ್ 6, ಡಿಸೆಂಬರ್ 8 ರಜೆ. ಹಾಗಾಗಿ ಒಂದು ಹೊತ್ತಿನ ಊಟ ಯಾವಾಗಲೂ ಬ್ಯಾಗಿನಲ್ಲಿರಲಿ. ನಾನು ಹುರಿಹಿಟ್ಟು, ಅವಲಕ್ಕಿ, ಚಟ್ನಿಪುಡಿ ಒಯ್ದಿದ್ದೆ. ತುಪ್ಪ, ಪೇಡ ತರಬೇಡಿ. ಹೊರಗಿನಿಂದ ಹಾಲಿನ ಪದಾರ್ಥ ತರಲು ಯೂರೋಪಿನಲ್ಲಿ ಬಿಡಲ್ಲ. ಅಡುಗೆಮನೆ ಇರುವ ಅಲ್ಬೆರ್ಗೆಯಲ್ಲಿ ಬಿಸಿನೀರು ಸಿಕ್ಕರೆ ಹುರಿಹಿಟ್ಟು ಕಲಸಿ ಬೆಲ್ಲ ಹಾಕಿ ಕುಡಿದರೆ ಮುಗೀತು.

ಹೋಟೆಲಿನಲ್ಲಿ ಸೂಪ್ ನೋಡಿ ಆಸೆ ಪಡಬೇಡಿ. ಗಲೀಸಿಯಾದ ಕಾಲ್ದೊ ಸೊಪ್ಪು, ಆಲೂಗಡ್ಡೆಯ ಸಾರಿನ ಹಾಗೆ ಕಾಣುತ್ತದೆ, ಆದರೆ ಹಂದಿ ಕೊಬ್ಬು ಹಾಕಿರುತ್ತಾರೆ. ಬೇಳೆ ಅಂದರೆ ಅದರಲ್ಲಿ ಚೋರಿಸೊ, ಅಂದರೆ ಹಂದಿ ಮಾಂಸದ ಸಾಸೇಜ್. ಮಾಂಸ ಬೇಡ ಅಂತಷ್ಟೇ ಹೇಳಿದರೆ ಟ್ಯೂನಾ ಮೀನು ಹಾಕಿ ಕೊಡುತ್ತಾರೆ. ಅವರ ಪ್ರಕಾರ ಅದು ಮಾಂಸ ಅಲ್ಲ! ಹಂದಿ, ಮೀನು, ಕೋಳಿ ಮೂರೂ ಬೇಡ ಅಂತ ಬಿಡಿಬಿಡಿಯಾಗಿ ಹೇಳಿ. ಮೊಟ್ಟೆ ತಿನ್ನುವವರಾದರೆ ಆಲೂಗಡ್ಡೆ ತೋರ್ತಿಯಾ, ಅಂದರೆ ದಪ್ಪ ಆಮ್ಲೆಟ್, ಎಲ್ಲ ಕಡೆ ಸಿಗುತ್ತದೆ. ತಿನ್ನದಿದ್ದರೆ ಬ್ರೆಡ್, ಚೀಸ್, ಹಣ್ಣು, ಬಿಸಿ ಚಾಕೊಲೇಟ್. ಲಿಯೋನ್ ದಾಟಿ ಸಿಗುವ ಬಿಯೆರ್ಸೊ ಸೀಮೆಯ ಕಡೆ ದಾರಿಯಲ್ಲೇ ಚೆಸ್ಟ್‌ನಟ್ ಉದುರಿರುತ್ತವೆ, ಬೀದಿಯಲ್ಲಿ ಸುಟ್ಟು ಮಾರುತ್ತಾರೆ. ಜೇಬಿನಲ್ಲಿ ಹಾಕಿಕೊಂಡರೆ ಕೈಗೂ ಬಿಸಿ.

ರೇನ್‌ಕೋಟ್ ವಿಚಾರದಲ್ಲಿ ಗಾಳಿಯಂತ್ರ ಸರ್ ಜೊತೆ ನನ್ನ ಒಪ್ಪಿಗೆ ಪೂರ್ತಿ ಇಲ್ಲ. ನನಗೆ ಜಾಕೆಟ್ಟಿಗಿಂತ ಪಾಂಚೋ, ಅಂದರೆ ತಲೆಯಿಂದ ಇಳಿಬಿಡುವ ಸಡಿಲ ಮಳೆಯಂಗಿ, ಇಷ್ಟ. ತೋಳಿರುವ, ಬ್ಯಾಗಿನ ಮೇಲೂ ಬರುವ, ಮುಂದೆ ಜಿಪ್ ಇರುವ ಉದ್ದ ಪಾಂಚೋ ಸ್ಪೇನಿನಲ್ಲೇ ಸಿಗುತ್ತದೆ. ಬ್ಯಾಗಿನ ಪಟ್ಟಿಯ ಸಂದಿಯಲ್ಲಿ ನೀರು ಇಳಿದು ಬೆನ್ನು ನೆನೆಯುವುದು ಅದರಿಂದ ತಪ್ಪಿತು. ಮಳೆ ನಿಂತರೆ ಮುಂದಿನ ಜಿಪ್ ತೆಗೆದು ಹಾಗೇ ನಡೆಯಬಹುದು.

ಮುಟ್ಟಿನ ದಿನಗಳು, ಸ್ನಾನ, ಇದೆಲ್ಲ ಕೇಳುವುದಿದ್ದರೆ ಖಾಸಗಿಯಾಗಿ ಬರೆಯಲು ತಂಗಿಯವರಿಗೆ ಹೇಳಿ. ಇಲ್ಲಿ ಒಂದೇ ಹೇಳ್ತೀನಿ: ಚೂಡಿದಾರದ ಪ್ಯಾಂಟ್ ಬೇಡ. ಕೆಳಗಿನ ಅಂಚು ಕೆಸರು ಕುಡಿದು ಮೊಣಕಾಲಿನವರೆಗೆ ಏರುತ್ತದೆ. ಬೇಗ ಒಣಗುವ ಬಿಗಿ ಪ್ಯಾಂಟ್, ಮೇಲೆ ಉದ್ದ ಟಾಪ್ ಹಾಕಿ.

ಗಾಳಿಯಂತ್ರ:

ಪಾಂಚೋ ಒಳ್ಳೆಯದೇ ಅಮ್ಮಾ, ನೀವು ಹೇಳುವ ತೋಳಿನದಾದರೆ. ಅಕ್ಕ, ತೋಳಿಲ್ಲದ ಹಾಳೆಯಂಥದ್ದು ಮಾತ್ರ ತರಬೇಡಿ. ಪೆರ್ದೋನ್ ಮೇಲೆ ಅದು ತಲೆಯ ಮೇಲೆ ಮಗುಚಿ ಮುಖಕ್ಕೆ ಸುತ್ತಿಕೊಳ್ಳುತ್ತದೆ. ತೋಳಿನದಾದರೂ ಸೊಂಟಕ್ಕೆ ಒಂದು ದಾರ ಕಟ್ಟಿ. ಪಾಂಚೋ ತಗೊಂಡರೆ ಕೆಳಗಿನ ಜಾಕೆಟ್ ತೆಳ್ಳಗಿನದೇ ಸಾಕು, ತೂಕ ಉಳಿಯಿತು.

ಬೆಳಿಗ್ಗೆ ನಾಲ್ಕಕ್ಕೆ ಹೊರಡುವುದನ್ನು ಮರೆತುಬಿಡಿ. ಇಲ್ಲಿಯ ಗಡಿಯಾರ ಸೂರ್ಯನಿಗಿಂತ ತುಂಬಾ ಮುಂದಿದೆ. ನೀವು ಹೊರಡುವ ದಿನ ಸ್ಯಾಂ ಜಾಂನಲ್ಲಿ ಬೆಳಗಾಗುವುದೇ ಎಂಟೂವರೆ ಹತ್ತಿರ. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ, ಆಮೇಲೆ ಸ್ವಲ್ಪ ದಿನ ಬೇಗ ಬೆಳಕು. ನಡು ನವೆಂಬರಿಗೆ ಲಿಯೋನ್‌ನಲ್ಲಿ ಎಂಟೂಕಾಲಕ್ಕೆ ಸೂರ್ಯ ಬಂದು ಸಂಜೆ ಆರಕ್ಕೆ ಹೋಗುತ್ತಾನೆ. ಸ್ಯಾಂತಿಯಾಗೊ ಮುಟ್ಟುವ ಹೊತ್ತಿಗೆ ಬೆಳಿಗ್ಗೆ ಮುಕ್ಕಾಲು ಒಂಬತ್ತು. ಅಂದರೆ ನಿಮ್ಮ ಕೈಯಲ್ಲಿ ಒಂಬತ್ತು ಚಿಲ್ಲರೆ ಗಂಟೆ ಬೆಳಕು. 20 ಕಿ.ಮೀ.ಗೆ ಅದು ಸಾಕು, 30ಕ್ಕೆ ಬಿಗಿ. ಕತ್ತಲಲ್ಲಿ ದಾರಿ ತೋರಿಸುವ ಹಳದಿ ಬಾಣದ ಗುರುತು ಕಾಣಲ್ಲ. ಎಲೆ ಮುಚ್ಚಿದ ದಾರಿಯಲ್ಲಿ ಕಲ್ಲೂ ಕಾಣಲ್ಲ. ಸಂಜೆ ನಾಲ್ಕಕ್ಕೆ ಬಾಗಿಲು ಸೇರುವ ಹಾಗೆ ಲೆಕ್ಕ ಹಾಕಿ. ತಲೆದೀಪ ಇರಲಿ. ಹೊಳೆಯುವ ಪಟ್ಟಿಯ ವೇಸ್ಟ್‌ಕೋಟೂ ಇರಲಿ. ಊರ ಹೊರಗೆ ಕತ್ತಲಲ್ಲಿ ರಸ್ತೆ ಮೇಲೆ ನಡೆಯುವವರಿಗೆ ಇಲ್ಲಿ ಅದು ಕಾನೂನು. ಬೇಟೆಯ ಕಾಲವೂ ಅದೇ. ಭಾನುವಾರ ಕಾಡಿನ ಅಂಚಲ್ಲಿ ಬಂದೂಕು ಹಿಡಿದವರು ಇರುತ್ತಾರೆ, ಕಂದು ಬಣ್ಣದ ಜಾಕೆಟ್ ಹಾಕಬೇಡಿ.

ಛತ್ರಗಳ ಕಥೆ ಹೀಗೆ. ಖಾಸಗಿಯವು ಬಹಳಷ್ಟು ಅಕ್ಟೋಬರ್ ಕೊನೆಗೆ ಬಾಗಿಲು ಹಾಕುತ್ತವೆ. ತೆರೆದಿರುವವು ಇದ್ದೇ ಇರುತ್ತವೆ, ಆದರೆ ಎರಡರ ನಡುವೆ ದೂರ ಜಾಸ್ತಿ. ಚಳಿಗಾಲದಲ್ಲಿ ತೆರೆದಿರುವ ಅಲ್ಬೆರ್ಗೆಗಳ ಪಟ್ಟಿ ಇಂಟರ್ನೆಟ್ಟಿನಲ್ಲಿ ಇದೆ, ಮಗಳಿಗೆ ಹೇಳಿ ಫೋನಿಗೆ ಹಾಕಿಸಿಕೊಳ್ಳಿ. ಆದರೂ ಹಿಂದಿನ ದಿನ ಫೋನ್ ಮಾಡಿ. ಸ್ಪ್ಯಾನಿಷ್ ಬರದಿದ್ದರೆ ನೀವಿದ್ದ ಛತ್ರದವರಿಗೆ ಹೇಳಿ, ಅವರೇ ಮಾಡಿಕೊಡುತ್ತಾರೆ. ಹಾಸಿಗೆಗೆ ಪೈಪೋಟಿ ಇಲ್ಲ. ಆದರೆ ಹೀಟರ್ ರಾತ್ರಿ ಆರಿಸುವ ಕಡೆಗಳಿವೆ, ರಗ್ಗು ಕೊಡದ ಕಡೆಗಳೂ ಇವೆ. ಸ್ಲೀಪಿಂಗ್ ಬ್ಯಾಗ್ ಬಿಟ್ಟು ಬರಬೇಡಿ.

ಶೂ ಒಣಗಿಸುವುದು ಸುಲಭ. ಒಳಗಿನ ಅಟ್ಟೆ ತೆಗೆದು ಬೇರೆ ಇಡಿ. ಲೇಸ್ ಪೂರ್ತಿ ಸಡಿಲ ಮಾಡಿ ನಾಲಿಗೆ ಹೊರಕ್ಕೆ ಎಳೆಯಿರಿ. ನ್ಯೂಸ್‌ಪೇಪರ್ ಹಾಳೆ ಒಂದೊಂದೇ ಮುದುಡಿ ಬೆರಳಿನ ತುದಿಯಿಂದ ತುಂಬಿ, ತುರುಕಬೇಡಿ. ಒಂದು ಗಂಟೆಗೆ ಆ ಪೇಪರ್ ತೆಗೆದು ಹೊಸದು ಹಾಕಿ. ಮಲಗುವ ಮೊದಲು ಇನ್ನೊಮ್ಮೆ. ಬೆಳಿಗ್ಗೆಗೆ ಹಾಕುವ ಹಾಗಾಗುತ್ತದೆ. ನಮ್ಮಲ್ಲಿ ಇದಕ್ಕೆ ಅಂತಲೇ ಬಾಗಿಲ ಹತ್ತಿರ ಹಳೇ ಪೇಪರಿನ ರಾಶಿ ಇರುತ್ತದೆ. ಒಲೆ ಪಕ್ಕದಲ್ಲಿ ಮಾತ್ರ ಇಡಬೇಡಿ. ಅಂಟು ಬಿಟ್ಟು ಅಡಿ ಬಾಯಿ ತೆರೆಯುತ್ತದೆ, ಮುಂದಿನ ಶೂ ಅಂಗಡಿ ಎಲ್ಲಿದೆಯೋ ಯಾರಿಗೆ ಗೊತ್ತು.

ಸಾಗರದವಳು:

ಒಂದೇ ಒಂದು ಕೊನೆ ಪ್ರಶ್ನೆ. ಲೆಕ್ಕ ಹಾಕಿದರೆ ಲಿಯೋನ್ ಆದಮೇಲಿನ ಎರಡು ಬೆಟ್ಟಗಳಲ್ಲಿ ಕ್ರೂಸ್ ದೆ ಫೆರ್ರೊ ನವೆಂಬರ್ 20ರ ಸುಮಾರಿಗೆ, ಓ ಸೆಬ್ರೈರೋ 24ರ ಸುಮಾರಿಗೆ ಬರುತ್ತದೆ. ಅಷ್ಟರಲ್ಲಿ ಹಿಮ ಬಿದ್ದಿದ್ದರೆ? ತಂಗಿಗೆ ಇಳಿಯುವಾಗ ಮಂಡಿ ನೋವು ಬೇರೆ. ಬಸ್ಸಿನಲ್ಲಿ ದಾಟಿದರೆ ಯಾತ್ರೆ ಮುರಿದ ಹಾಗಾ?

ಗಾಳಿಯಂತ್ರ:

ಇಲ್ಲಕ್ಕ, ಯಾರೂ ಹಾಗೆ ಲೆಕ್ಕ ಇಡಲ್ಲ. ಸ್ಯಾಂತಿಯಾಗೊದ ಪ್ರಮಾಣಪತ್ರಕ್ಕೆ ಅವರು ಕೇಳುವುದು ನೂರು ಕಿ.ಮೀ. ನಡಿಗೆ. ಗಲೀಸಿಯಾದ ಸಾರಿಯಾ ಊರಿನಿಂದ ಮುಂದೆ ಪೂರ್ತಿ ನಡೆದು, ಯಾತ್ರಿಕರ ಪುಸ್ತಕಕ್ಕೆ ದಿನಕ್ಕೆ ಎರಡು ಮುದ್ರೆ ಹಾಕಿಸಿಕೊಂಡರೆ ಅದಕ್ಕೆ ತೊಂದರೆ ಇಲ್ಲ.

ಕ್ರೂಸ್ ದೆ ಫೆರ್ರೊ 1500 ಮೀಟರ್, ಇಡೀ ದಾರಿಯಲ್ಲಿ ಅತಿ ಎತ್ತರದ ಜಾಗ ಅದರ ಆಸುಪಾಸಿನಲ್ಲೇ. ಅದರ ಕೆಳಗಿನ ಹಳ್ಳಿಗಳಾದ ರಬಾನಾಲ್ ಅಥವಾ ಫೋನ್ಸೆಬಾದೋನ್‌ನಲ್ಲಿ ಉಳಿದು ಬೆಳಿಗ್ಗೆ ನೋಡಿ ಹೊರಡಿ. ಹಿಮ ಇದ್ದರೆ ಕಾಲುದಾರಿ ಬಿಟ್ಟು ಡಾಂಬರು ರಸ್ತೆಯಲ್ಲೇ ನಡೆಯಿರಿ. ಬಾಣದ ಗುರುತು ಹಿಮದಡಿ ಹೋಗಿರುತ್ತದೆ, ರಸ್ತೆಯ ಅಂಚಿನ ಕಂಬ ಮಾತ್ರ ಕಾಣುತ್ತದೆ. ಮಂಡಿಗೆ ಹತ್ತುವುದಕ್ಕಿಂತ ಆಚೆ ಬದಿಯಲ್ಲಿ ಅಸೆಬೋ ಹಳ್ಳಿಯಿಂದ ಮೊಲಿನಾಸೆಕಾಗೆ ಇಳಿಯುವುದೇ ಕಷ್ಟ. ಹಲಗೆ ಹಲಗೆಯಾದ ಕಲ್ಲು, ಒದ್ದೆಯಾದರೆ ಸೋಪು ಹಚ್ಚಿದ ಹಾಗೆ. ತಂಗಿ ಅವರು ಅಲ್ಲೂ ರಸ್ತೆಯಲ್ಲೇ ಇಳಿಯಲಿ, ಸುತ್ತು ಆದರೂ ಸರಿ. ಊರುಗೋಲು ಎರಡು ಇರಲಿ. ವಿಮಾನದ ಕೈಚೀಲದಲ್ಲಿ ಬಿಡಲ್ಲ, ಸ್ಯಾಂ ಜಾಂನಲ್ಲೇ ಕೊಳ್ಳಿ.

ಓ ಸೆಬ್ರೈರೋ 1300 ಮೀಟರ್. ಕೆಳಗಿನ ಎರ್ರೇರಿಯಾಸ್‌ನಿಂದ ಎಂಟು ಕಿ.ಮೀ.ಯಲ್ಲಿ ಆರುನೂರು ಮೀಟರ್ ಏರಬೇಕು. ಬಿರುಗಾಳಿಗೆ ಕಿತ್ತಳೆ ಅಥವಾ ಕೆಂಪು ಎಚ್ಚರಿಕೆ ಇದ್ದರೆ ಕೆಳಗೇ ಒಂದು ದಿನ ಕೂತುಬಿಡಿ. ಕಾಯಲು ಆಗದಿದ್ದರೆ ಪೆದ್ರಾಫಿಟಾವರೆಗೆ ಬಸ್ಸು ಇದೆ, ಅಲ್ಲಿಂದ ಮೇಲಕ್ಕೆ ಟ್ಯಾಕ್ಸಿ. ಏನೇ ತುರ್ತು ಆದರೂ 112. ಫೋನ್ ಒಳಜೇಬಿನಲ್ಲಿ ಮೈಗೆ ತಾಗುವ ಹಾಗೆ ಇಡಿ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ.

ಲಿಯೋನ್‌ಗೆ ಎರಡು ದಿನ ಮೊದಲು ಇಲ್ಲೇ ಒಂದು ಮೆಸೇಜ್ ಹಾಕಿ. ಆಗಿನ ಬೆಟ್ಟದ ಹವೆ ನೋಡಿ ಹೇಳ್ತೀನಿ.